ಮುಳುಗಿದ್ದೆಲ್ಲ ಜೀವಂತವೇ?

ಬಿತ್ತನೆಯ ಭತ್ತವನ್ನು ಉಪ್ಪುನೀರಿಗೆ ಸುರಿದರೆ ಜೊಳ್ಳು ತೇಲಿ ಗಟ್ಟಿಕಾಳು ಮುಳುಗುವುದು, ಧಾರವಾಡದ ಬಳಿ ಭತ್ತದ ಸಂಶೋಧನ ಕೇಂದ್ರವಿರುವ ಮುಗದದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ಸುಪ್ತ ಯೀಸ್ಟ್ ಕೋಶಗಳನ್ನು ಬೇರ್ಪಡಿಸುವ ಕ್ರಮವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಗ್ಲೂಕೋಸ್ ತೀರಿದ ಬಳಿಕ ಕೆಲವು ಕೋಶಗಳು ವಿಭಜನೆಯನ್ನು ನಿಲ್ಲಿಸಿ, ಭಿತ್ತಿಯನ್ನು ದಪ್ಪಗೊಳಿಸಿ, ಹೆಚ್ಚು ಸಾಂದ್ರವಾಗುತ್ತವೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ಕೋಶಗಳನ್ನು ಪರ್ಕಾಲ್ ಎಂಬ ಸಿಲಿಕಾ ದ್ರವದೊಡನೆ ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ, ಕೆಳಗಿಳಿದುವನ್ನು ಪ್ರತ್ಯೇಕಿಸಿದರು.

ಆದರೆ ಮುಳುಗಿದ್ದೆಲ್ಲ ಸಜೀವವೆಂದು ನಂಬುವುದು ವಿಜ್ಞಾನವಲ್ಲ. ಕಾಳನ್ನು ಮೊಳೆಯಿಸಿ ನೋಡುವಂತೆ, ಕೋಶಕ್ಕೂ ಹೊಸ ಆಹಾರವನ್ನಿತ್ತು ಅದು ಮೊಗ್ಗು ಬಿಡುವುದೇ ಎಂದು ಪರೀಕ್ಷಿಸಬೇಕು. ಯಂತ್ರವಿಲ್ಲದ ಶಾಲೆಯೂ ಒಂದು ಹಿಡಿ ಭತ್ತದಿಂದ ಈ ಪಾಠವನ್ನು ಕಲಿಸಬಹುದು, ಕಲಿಸಲೇಬೇಕು. ಬೇರ್ಪಡಿಸುವುದು ಅರ್ಧ ಕೆಲಸ. ಎಚ್ಚರಿಸಿ ನೋಡುವುದೇ ಪ್ರಮಾಣ.