ಗುಂಡಿ ಒತ್ತುವ ಮೊದಲು

ದೆಹಲಿಯ ಚಳಿಯ ಬಗ್ಗೆ ಬರೆದಾಗಲೆಲ್ಲ ಮುಂಬಯಿ, ಚೆನ್ನೈನ ಓದುಗ ಮಿತ್ರರು ನಗುತ್ತಾರೆ. ನಗಲಿ. 2021ರ ಜನವರಿ 1ರಂದು ಇಲ್ಲಿನ ಸಫ್ದರ್‌ಜಂಗ್‌ನಲ್ಲಿ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. ದಿನವೂ ಅಷ್ಟು ಇಳಿಯುವುದಿಲ್ಲ, ನಿಜ. ಆದರೆ ವಾರಕ್ಕೆ ಮೂರು ಸಲ ಬೆಳಗಿನ ಐದೂವರೆಗೆ ಡಯಾಲಿಸಿಸ್‌ಗೆ ಹೊರಡುವವರಿಗೆ ಐದಾರು ಡಿಗ್ರಿಯೇ ಸಾಕುಬೇಕಾಗಿಬಿಡುತ್ತದೆ. ನನ್ನ ಹೆಂಡತಿಗೆ ಎರಡು ವರ್ಷದಿಂದ ಅದೇ ದಿನಚರಿ. ಸ್ವೆಟರು, ಶಾಲು, ಮಂಕಿ ಟೋಪಿ ಎಲ್ಲ ಏರಿಸಿಕೊಂಡರೂ ಕಾರಿನಲ್ಲಿ ಕೂತ ತಕ್ಷಣ, “ರೀ, ಮಂಜುಗಡ್ಡೆ ಮೇಲೆ ಕೂರಿಸಿದ ಹಾಗಿದೆ” ಅನ್ನುತ್ತಿದ್ದಳು.

ಕೆನಡಾದ ಎಡ್ಮಂಟನ್‌ನಲ್ಲಿರುವ ಮಗ ವೀಡಿಯೋ ಕಾಲಿನಲ್ಲಿ ಇದನ್ನು ಕೇಳಿಸಿಕೊಂಡು, “ಅಪ್ಪಾ, ರಿಮೋಟ್ ಸ್ಟಾರ್ಟರ್ ಹಾಕಿಸು” ಅಂದ. ಮನೆಯೊಳಗಿಂದಲೇ ಗುಂಡಿ ಒತ್ತಿದರೆ ಕಾರು ಸ್ಟಾರ್ಟ್ ಆಗಿ, ನಾವು ಇಳಿದು ಹೋಗುವಷ್ಟರಲ್ಲಿ ಒಳಗೆಲ್ಲ ಬೆಚ್ಚಗಾಗಿರುತ್ತದೆ. ಅವನ ಊರಿಗೆ ಅದು ಸಹಜ. ಮೈನಸ್ 30 ಡಿಗ್ರಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ರಾತ್ರಿ ಕಾರಿನ ಬ್ಲಾಕ್ ಹೀಟರಿಗೆ ಕರೆಂಟ್ ಕೊಟ್ಟು ಮಲಗುತ್ತಾರೆ. ನಮ್ಮಲ್ಲಿ ಎಂಜಿನ್ನಿಗೆ ಅಂಥ ಕಷ್ಟವೇನಿಲ್ಲ. ಈಗಿನ ಪೆಟ್ರೋಲ್ ಎಂಜಿನ್ನಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಸಾಕು. ನಿಧಾನವಾಗಿ ಓಡಿಸುತ್ತ ಹೋದರೇ ಅದು ಬೇಗ ಬಿಸಿಯಾಗುತ್ತದೆ. ನಮಗೆ ಬಿಸಿ ಬೇಕಾಗಿದ್ದದ್ದು ಎಂಜಿನ್ನಿಗಲ್ಲ, ಒಳಗೆ ಕೂರುವವಳಿಗೆ.

ಕರೋಲ್ ಬಾಗ್‌ನ ಕಾರ್ ಆಕ್ಸೆಸರೀಸ್ ಅಂಗಡಿಗಳನ್ನು ಎರಡು ಭಾನುವಾರ ಸುತ್ತಿದೆ. ಕಲಿತದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲು ನಿಮ್ಮ ಕಾರಿನಲ್ಲೇ ಈ ಸೌಲಭ್ಯ ಇದೆಯೇ ನೋಡಿ. 2019ರಿಂದೀಚೆಗೆ ಹ್ಯುಂಡೈ, ಕಿಯಾ ಮುಂತಾದವರ ಕೆಲವು ಮಾಡೆಲ್‌ಗಳಲ್ಲಿ ಕಂಪನಿಯೇ ಕೊಟ್ಟಿದೆ. ಇಲ್ಲವಾದರೆ, ಕಾರು ಆಟೋಮ್ಯಾಟಿಕ್ ಆಗಿದ್ದರೆ ಮಾತ್ರ ಮುಂದುವರಿಯಿರಿ. ಮ್ಯಾನುಯಲ್ ಕಾರನ್ನು ಗೇರಿನಲ್ಲೇ ಬಿಟ್ಟು ಮರೆತಿದ್ದರೆ, ಗುಂಡಿ ಒತ್ತಿದ ಕೂಡಲೇ ಅದು ಮುಂದಕ್ಕೆ ನೆಗೆಯುತ್ತದೆ. ಇದಕ್ಕೆ ತಡೆ ಇರುವ ಉಪಕರಣಗಳೂ ಇವೆ, ಆದರೆ ನನಗೆ ಧೈರ್ಯ ಬರಲಿಲ್ಲ. ಕೀಲಿಯೊಳಗಿನ ಚಿಪ್ ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲವಲ್ಲ, ಅದಕ್ಕೊಂದು ಬೈಪಾಸ್ ಮಾಡ್ಯೂಲ್ ಬೇಕು. ಅಗ್ಗಕ್ಕೆ ಮಾಡುವವರು ನಿಮ್ಮ ಎರಡನೇ ಕೀಲಿಯನ್ನೇ ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಟ್ಟುಬಿಡುತ್ತಾರೆ. ಅದು ಕಳ್ಳನಿಗೆ ನಾವೇ ಕೀಲಿ ಕೊಟ್ಟ ಹಾಗೆ. ಬಾನೆಟ್ ತೆರೆದಿದ್ದರೆ ಸ್ಟಾರ್ಟ್ ಆಗಬಾರದು, ಬ್ರೇಕ್ ತುಳಿದರೆ ನಿಲ್ಲಬೇಕು, ಹತ್ತು ಹದಿನೈದು ನಿಮಿಷಕ್ಕೆ ತಾನಾಗಿ ಆಫ್ ಆಗಬೇಕು. ಈ ಮೂರನ್ನೂ ಅಂಗಡಿಯವನ ಮುಂದೆಯೇ ಪರೀಕ್ಷಿಸಿ. ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಯ ಗತಿ ಏನು ಎಂದು ಸರ್ವಿಸ್ ಸೆಂಟರಿನವರಿಂದ ಬರವಣಿಗೆಯಲ್ಲೇ ಕೇಳಿಕೊಳ್ಳಿ.

ನಾನು ಇಷ್ಟನ್ನೂ ಮಾಡಿದೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಆಮೇಲಿನ ಮೂರು ವಾರ ಪರಮಸುಖ. ಎರಡನೇ ಮಹಡಿಯ ಬಾಲ್ಕನಿಯಿಂದ ಗುಂಡಿ ಒತ್ತಿ, ಒಳಗೆ ಬಂದು ಫಿಲ್ಟರ್ ಕಾಫಿ ಕುಡಿಯುವುದು, ಆಮೇಲೆ ಅವಳ ಕೈ ಹಿಡಿದು ಇಳಿಯುವುದು. ಅವಳು ಮಂಕಿ ಟೋಪಿಯನ್ನೂ ಬಿಟ್ಟಳು.

ಜನವರಿಯ ಒಂದು ಗುರುವಾರ ಹಾಗೇ ಇಳಿದೆವು. ನಮ್ಮ ಕಾರು ನಿಲ್ಲುವುದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ, ಹಿಂಭಾಗ ಗೋಡೆಯ ಕಡೆಗೆ. ಕಾರಿಗೂ ಗೋಡೆಗೂ ನಡುವೆ ಎರಡು ಮೂರು ಅಡಿ ಜಾಗ. ಅಲ್ಲಿಂದ ಯಾರೋ ವಾಂತಿ ಮಾಡುವ ಸದ್ದು ಕೇಳಿತು. ಹೋಗಿ ನೋಡಿದರೆ ರಾತ್ರಿ ಪಾಳಿಯ ಚೌಕಿದಾರ, ಬಿಹಾರದ ಹುಡುಗ, ಗೋಡೆಗೆ ಒರಗಿ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಗಾಳಿ ತಡೆಯಲು ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಂಬಳಿ ಹೊದ್ದು ಮಲಗಿದ್ದಾನೆ. ಹತ್ತು ನಿಮಿಷದಿಂದ ನನ್ನ ಕಾರಿನ ಹೊಗೆ ಕೊಳವೆ ಅವನ ಮುಖಕ್ಕೇ ಉಗುಳುತ್ತಿತ್ತು. ಎಂಜಿನ್ ತಣ್ಣಗಿರುವಾಗ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಿರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅತಿ ಹೆಚ್ಚು ಹೊರಬರುವುದು ಆಗಲೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. “ಅಂಕಲ್‌ಜೀ, ಸರ್ ಫಟ್ ರಹಾ ಹೈ” ಎಂದಷ್ಟೇ ಅಂದ.

ಬೆಚ್ಚಗಿದ್ದ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ಕಿಟಕಿಗಳನ್ನೆಲ್ಲ ಇಳಿಸಿ, ಆಸ್ಪತ್ರೆಗೆ ಓಡಿಸಿದೆ. ಹೆಂಡತಿ ಚಳಿಯ ಮಾತೇ ಎತ್ತಲಿಲ್ಲ. ಅವಳು ಡಯಾಲಿಸಿಸ್‌ಗೆ ಹೋದಳು, ಅವನನ್ನು ಎಮರ್ಜೆನ್ಸಿಯಲ್ಲಿ ಆಕ್ಸಿಜನ್ ಹಾಕಿ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಚಹಾ ಕೇಳಿ ಕುಡಿದ. ಆ ನಾಲ್ಕೈದು ತಾಸು ನಾನು ಹೇಗಿದ್ದೆ ಎಂದು ಬರೆಯಲಾರೆ.

ಅಲ್ಲಿ ಯಾಕೆ ಮಲಗಿದೆ ಎಂದು ಬೈಯುವ ಮನಸ್ಸಾಗಿತ್ತು. ಉತ್ತರ ನನಗೇ ಗೊತ್ತಿತ್ತು. ಮಾಲಿನ್ಯ ತಡೆಯಲು ದೆಹಲಿಯಲ್ಲಿ ಚಳಿಗಾಲಕ್ಕೆ ಜಾರಿಯಾಗುವ ‘ಗ್ರ್ಯಾಪ್’ ನಿಯಮಗಳಲ್ಲಿ, ಕಾವಲುಗಾರರು ಕಟ್ಟಿಗೆ ಸುಡದ ಹಾಗೆ ವಸತಿ ಸಂಘಗಳು ಅವರಿಗೆ ವಿದ್ಯುತ್ ಹೀಟರ್ ಕೊಡಬೇಕು ಎಂದಿದೆ. ನಮ್ಮ ಸಂಘ ನವೆಂಬರಿನಲ್ಲೇ ಬೆಂಕಿ ಹಾಕಬಾರದೆಂದು ನೋಟಿಸು ಅಂಟಿಸಿತ್ತು. ಹೀಟರ್ ತಂದಿರಲಿಲ್ಲ. ಆ ನೋಟಿಸು ಒಪ್ಪಿದ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಿ ಎಂದು 2020ರಿಂದ ‘ರೆಡ್ ಲೈಟ್ ಆನ್, ಗಾಡಿ ಆಫ್’ ಅಭಿಯಾನ ನಡೆಸಿದ ಊರಿದು. ನಾನು ನಿಂತ ಕಾರನ್ನು ಹತ್ತು ನಿಮಿಷ ಉರಿಸಿ ಬೀಗುತ್ತಿದ್ದೆ.

ನನ್ನ ತಂದೆ ಕಡೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಚಳಿಗಾಲದ ಬೆಳಗ್ಗೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಬೇಕಿತ್ತು. ಅದಕ್ಕೆ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿಗೆ ನೋಡಿ, ಬಾನೆಟ್ ಮೇಲೆ ಎರಡು ಸಲ ತಟ್ಟುತ್ತಿದ್ದರು. ನಾಯಿಮರಿ, ಬೆಕ್ಕು ಬೆಚ್ಚಗೆ ಮಲಗಿರುತ್ತವೆ ಅಂತ. ಆ ಒಂದು ಸುತ್ತನ್ನೇ ರಿಮೋಟು ನನ್ನಿಂದ ಬಿಡಿಸಿತ್ತು.

ಉಪಕರಣ ಈಗಲೂ ಕಾರಿನಲ್ಲಿದೆ. ನಾನೇ ಮೊದಲು ಇಳಿದು, ಸುತ್ತು ಬಂದು, ಬಾನೆಟ್ ತಟ್ಟಿ, ಪಕ್ಕದಲ್ಲೇ ನಿಂತು ಗುಂಡಿ ಒತ್ತುತ್ತೇನೆ. ಒಂದೆರಡು ನಿಮಿಷ, ಅಷ್ಟೇ. “ಹಾಗಿದ್ದರೆ ಕೀಲಿಯಲ್ಲೇ ಸ್ಟಾರ್ಟ್ ಮಾಡಬಹುದಿತ್ತಲ್ರೀ” ಎಂದು ಹೆಂಡತಿ ನಗುತ್ತಾಳೆ. ಅವಳ ಸೀಟಿಗೆ ಬಿಸಿನೀರಿನ ಚೀಲ ಬಂದಿದೆ, ಮಂಕಿ ಟೋಪಿ ವಾಪಸಾಗಿದೆ. ಗೇಟಿನ ಪಕ್ಕದ ಗೂಡಿನಲ್ಲಿ ಮುಂದಿನ ಸಭೆಯವರೆಗೆ ಕಾಯದೆ ತಂದಿಟ್ಟ ಹೀಟರ್ ಉರಿಯುತ್ತಿದೆ. ನಾವು ಹೊರಡುವಾಗ ಹುಡುಗ ಎದ್ದು ಬಂದು ಗೇಟು ತೆಗೆಯುತ್ತಾನೆ.