ದಾರಿ ಹೇಳೋರು ಯಾರು?



ಪಿಯುಸಿ ಫಲಿತಾಂಶ ಬಂದ ಮೇಲೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳ ಮುಂದೆ ಅರ್ಜಿ ಹಿಡಿದು ನಿಂತ ನಮ್ಮ ಹುಡುಗರನ್ನು ಕೇಳಿ ನೋಡಿ. 'ಯಾವ ವಿಷಯ ತಗೊಂಡಿಯಪಾ?' 'ನಮ್ಮೂರ ಹುಡುಗ್ರು ತಗೊಂಡಿದ್ದೇ ತಗೊಂಡೀನ್ರಿ.' 'ಮುಂದೇನ್ ಮಾಡ್ತಿ?' 'ಗೊತ್ತಿಲ್ರಿ.' ಇದು ಹುಡುಗನ ದಡ್ಡತನವಲ್ಲ. ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಉಳ್ಳವರ ಮನೆಯಲ್ಲಿ ಹೊಲದ ಜೊತೆಗೆ ಇನ್ನೊಂದು ಆಸ್ತಿಯಿದೆ. ಅದು ತಿಳಿವಳಿಕೆ. ಚಿಕ್ಕಪ್ಪ ಇಂಜಿನಿಯರು, ಸೋದರಮಾವ ಲೆಕ್ಚರರು. ಮಗ ಏನು ಓದಬೇಕೆಂಬುದು ಉಣ್ಣುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ನಮ್ಮ ಅವ್ವ ಕಾಲುವೆ ಕೆಳಗಿನ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುತ್ತಿರುತ್ತಾಳೆ. ಅಪ್ಪ ಬೆಂಗಳೂರಿಗೆ ಗುಳೆ ಹೋಗಿರುತ್ತಾನೆ. ಅವರು ನಮ್ಮನ್ನು ಹಾಸ್ಟೆಲಿಗೆ ಹಾಕಿದ್ದೇ ದೊಡ್ಡದು. ಅಲ್ಲಿಂದ ಮುಂದಿನ ದಾರಿ ಹೇಳಬೇಕಾದದ್ದು ಕಾಲೇಜು.

ಹೇಳದಿದ್ದರೆ ಏನಾಗುತ್ತದೆ? ಪಿಯುಸಿಯಲ್ಲಿ ಗಣಿತ ಬಿಟ್ಟವನಿಗೆ ಇಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ. ಬಿಎಡ್‌ನಲ್ಲಿ ಯಾವ ವಿಷಯದ ಮೇಷ್ಟ್ರಾಗಬಹುದು ಎಂಬುದು ಪದವಿಯಲ್ಲಿ ಓದಿದ ವಿಷಯದ ಮೇಲೆ ನಿಂತಿದೆ. ನಮಗೆ ಅದು ತಿಳಿಯುವುದು ಪದವಿ ಮುಗಿದ ಮೇಲೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಎಷ್ಟು ಮಂದಿಗೆ ಗೊತ್ತು? 2013ರಲ್ಲಿ ಜಾರಿಗೆ ಬಂದ 371ಜೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮ ಭಾಗದವರಿಗೆ ಇಟ್ಟಿದೆ. ಪ್ರಮಾಣಪತ್ರ ಮಾಡಿಸದವನಿಗೆ ಆ ಸೀಟು ಸಿಗುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ವರ್ಷಾ ವರ್ಷಾ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ದುಡ್ಡು ಬರುವುದಿಲ್ಲ.

ನಿಯಮಗಳಾದರೂ ನಿಂತಲ್ಲಿ ನಿಲ್ಲುತ್ತವೆಯೆ? 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು. 2024ರಲ್ಲಿ ಮತ್ತೆ ಮೂರೇ ವರ್ಷ ಎಂದರು. ನಡುವೆ ಸಿಕ್ಕವರಿಗೆ ಕೂಡಿಸಿಕೊಂಡು ತಿಳಿಸಿ ಹೇಳಿದವರೆಷ್ಟು ಜನ?

ಒಂದು ಪೇಪರು ಹೋದರೆ ಹುಡುಗ ಪೆಟ್ಟಿಗೆ ಕಟ್ಟಿ ದುಡಿಯಲು ಹೋಗುತ್ತಾನೆ. ಹುಡುಗಿಯಾದರೆ ಮದುವೆಯೇ ಆಗಿಬಿಡುತ್ತದೆ. 'ಮತ್ತೆ ಬರೀಬಹುದವ್ವಾ, ನಾನದೀನಿ' ಎಂಬ ಒಂದು ಮಾತಿಗೆ ಒಂದು ಬದುಕು ಉಳಿಯುತ್ತದೆ.

ಇನ್ನೊಂದು ಬಗೆಯ ಸಲಹೆಯೂ ಇದೆ. 'ನಿಮಗ್ಯಾಕ ಸೈನ್ಸು? ಆರ್ಟ್ಸ್ ತಗೋ, ಪಾಸಾಗ್ತಿ.' ಇದು ದಾರಿ ಹೇಳುವುದಲ್ಲ, ದಾರಿಗೆ ಮುಳ್ಳು ಬಡಿಯುವುದು. ಆರ್ಟ್ಸ್ ಕೀಳಲ್ಲ. ಆದರೆ ಆರಿಸುವವರು ನಾವಾಗಬೇಕು, ನಮ್ಮ ಜಾತಿ ನೋಡಿ ಇನ್ನೊಬ್ಬರು ಆರಿಸಬಾರದು.

ಬಾಬಾಸಾಹೇಬರಿಗೂ ದಾರಿ ತೋರಿದವರಿದ್ದರು. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಬರೋಡಾ ಮಹಾರಾಜರ ನೆರವು ಸಿಗಲು ಕಾರಣರಾದರು. 1913ರಲ್ಲಿ ಬಾಬಾಸಾಹೇಬರು ಬರೋಡಾದ ವಿದ್ಯಾರ್ಥಿವೇತನದ ಮೇಲೆಯೇ ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೊರಟಾಗ ಪ್ರೊಫೆಸರ್ ಸೆಲಿಗ್ಮನ್ ಪರಿಚಯದ ಕಾಗದ ಬರೆದುಕೊಟ್ಟರು. ಅಂಥ ಮೇಧಾವಿಗೇ ಹೇಳುವವರು ಬೇಕಾದರೆ, ಮಸ್ಕಿಯ ಹಾಸ್ಟೆಲಿನ ಹುಡುಗನಿಗೆ ಬೇಡವೆ?

ಕಾಲೇಜುಗಳು ನ್ಯಾಕ್ ತಂಡಕ್ಕೆ ತೋರಿಸುವ ಲೆಕ್ಕದಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕ ಎಂಬುದೂ ಇರುತ್ತದೆ. ನಿಮ್ಮ ಹೆಸರಿನ ಮುಂದೆ ಯಾವ ಸರ್ ಹೆಸರಿದೆ? ಹೋಗಿ ಕೇಳಿ. ಬರುವ ವರ್ಷ ತಾವಿರುತ್ತೇವೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ತಲೆಗೆ ಇದನ್ನು ಕಟ್ಟಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಆ ಖಾಲಿ ಹುದ್ದೆಗಳು ತುಂಬಲಿ.

ನಮ್ಮ ಒತ್ತಾಯ ಇಷ್ಟು:

ಒಂದು: ಪ್ರವೇಶಕ್ಕೆ ಮೊದಲೇ ಪ್ರತಿ ಕಾಲೇಜಿನಲ್ಲಿ ಯಾವ ವಿಷಯ ಓದಿದರೆ ಮುಂದೇನು ಎಂದು ಕನ್ನಡದಲ್ಲಿ ತಿಳಿಸಬೇಕು.

ಎರಡು: ಮಾರ್ಗದರ್ಶಕರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕು. ತಿಂಗಳಿಗೊಮ್ಮೆಯಾದರೂ ಅವರು ವಿದ್ಯಾರ್ಥಿಯ ಜೊತೆ ಕೂತು ಮಾತಾಡಬೇಕು.

ಮೂರು: ಪೇಪರು ಹೋದವರನ್ನು, ತರಗತಿಗೆ ಬಾರದವರನ್ನು ಹಾಸ್ಟೆಲಿಗೇ ಬಂದು ವಿಚಾರಿಸಬೇಕು.

ಇದು ದಯೆ ಅಲ್ಲ, ಹಕ್ಕು. ಕಾಲೇಜಿನವರು ಕೊಡುವತನಕ ನಾವು ಸುಮ್ಮನೆ ಕೂಡಬೇಕಿಲ್ಲ. ಫೈನಲ್ ಇಯರಿನ ಅಣ್ಣಂದಿರು, ಅಕ್ಕಂದಿರು ಭಾನುವಾರ ಒಂದು ತಾಸು ಕೊಡಿ. ಹೊಸಬರನ್ನು ಕೂಡಿಸಿ, ನೀವು ತಡವಿದ ಕಡೆ ಅವರು ತಡವದಂತೆ ಹೇಳಿ. ಅರ್ಜಿ ತುಂಬಿಸಿ, ಕೊನೆಯ ತಾರೀಖನ್ನು ಗೋಡೆಗೆ ಬರೆದು ಹಚ್ಚಿ. ಈ ಭಾನುವಾರವೇ ಶುರುವಾಗಲಿ.