ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ವಲಸಿಗ ಸಮುದಾಯಗಳು

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ವಲಸಿಗ ಸಮುದಾಯಗಳು ಎಂದರೆ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಹಾಗೂ ಇವುಗಳ ನೆರೆಯ ಗಂಗಾವತಿ, ಕಾರಟಗಿ, ಸಿಂಧನೂರು ಭಾಗಗಳಲ್ಲಿ 20ನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಹೊರಗಿನಿಂದ ಬಂದು ನೆಲೆಸಿದ ಜನಸಮುದಾಯಗಳು. ಇವರಲ್ಲಿ ಕರಾವಳಿ ಆಂಧ್ರದಿಂದ ಬಂದ ಕೃಷಿಕರು, ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ಬಂಗಾಳಿ ನಿರಾಶ್ರಿತರು, ಗಣಿ ಮತ್ತು ಉಕ್ಕಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಕಾರ್ಮಿಕರು ಪ್ರಮುಖರು. ಜಲಾಶಯದ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಸ್ಥಳಾಂತರಗೊಂಡ ಸ್ಥಳೀಯರನ್ನೂ ಹೋಲಿಕೆಗಾಗಿ ಈ ಗುಂಪಿನಲ್ಲಿ ಪರಿಗಣಿಸಬಹುದು. ಒಂದೇ ನದಿಯ ಆಸುಪಾಸಿನಲ್ಲಿ ಬದುಕು ಕಟ್ಟಿಕೊಂಡ ಈ ಸಮುದಾಯಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು ಪರಸ್ಪರ ಬಹಳ ಭಿನ್ನವಾಗಿವೆ.

## ಹಿನ್ನೆಲೆ

ಈ ಪ್ರದೇಶಕ್ಕೆ ವಲಸೆ ಹೊಸದಲ್ಲ. ವಿಜಯನಗರ ಕಾಲದ ಹಂಪಿಯಲ್ಲಿ ಹಲವು ಭಾಷೆ ಹಾಗೂ ಮತಗಳ ವರ್ತಕರು, ಸೈನಿಕರು, ಕುಶಲಕರ್ಮಿಗಳು ನೆಲೆಸಿದ್ದರು. ಆ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಅಡ್ಡಕಟ್ಟೆಗಳಿಂದ ಹೊರಟ ಕಾಲುವೆಗಳು ಹೊಸಪೇಟೆ ಮತ್ತು ಕಂಪ್ಲಿ ಭಾಗಗಳಲ್ಲಿ ಇಂದಿಗೂ ಭತ್ತ, ಕಬ್ಬು, ಬಾಳೆಗೆ ನೀರುಣಿಸುತ್ತಿವೆ. ಆದರೆ ಇಂದು ಕಾಣುವ ವಲಸೆಯ ಸ್ವರೂಪ ರೂಪುಗೊಂಡದ್ದು ತುಂಗಭದ್ರಾ ಅಣೆಕಟ್ಟಿನ ನಂತರ.

ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳ ಜಂಟಿ ಯೋಜನೆಯಾಗಿ 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಲಾಯಿತು. 1953ರಲ್ಲಿ ಜಲಾಶಯ ಬಳಕೆಗೆ ಬಂದಿತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನದಿಯ ಎಡದಂಡೆಯ ರಾಯಚೂರು ಜಿಲ್ಲೆ (ಇಂದಿನ ಕೊಪ್ಪಳವನ್ನೂ ಒಳಗೊಂಡಂತೆ) 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೀಗಾಗಿ ಕಾಲುವೆಯಲ್ಲಿ ನೀರು ಹರಿಯುವ ಹೊತ್ತಿಗೆ ಇಲ್ಲಿನ ಗಡಿಗಳೇ ಬದಲಾಗುತ್ತಿದ್ದವು. ಹಿಂದೆ ಒಂದೇ ಆಡಳಿತದೊಳಗಿನ ಸಂಚಾರವಾಗಿದ್ದುದು ಅಂತರರಾಜ್ಯ ವಲಸೆಯಾಗಿ ಮಾರ್ಪಟ್ಟಿತು.

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು.

## ಪ್ರಮುಖ ಸಮುದಾಯಗಳು

### ಕರಾವಳಿ ಆಂಧ್ರದ ಕೃಷಿಕರು

ಅಣೆಕಟ್ಟಿನ ನೀರು ಬಂದ ಮೊದಲ ದಶಕಗಳಲ್ಲಿ ಕೃಷ್ಣಾ, ಗೋದಾವರಿ, ಗುಂಟೂರು, ನೆಲ್ಲೂರು ಭಾಗಗಳ ರೈತ ಕುಟುಂಬಗಳು ಇಲ್ಲಿಗೆ ಬರತೊಡಗಿದವು. ಗೋದಾವರಿಗೆ ಧವಳೇಶ್ವರದಲ್ಲಿ 1852ರ ವೇಳೆಗೆ ಆಣೆಕಟ್ಟು ಪೂರ್ಣಗೊಂಡಿದ್ದುದರಿಂದ ಆ ಮುಖಜಭೂಮಿಯ ರೈತರಿಗೆ ನೀರಾವರಿ ಭತ್ತದ ಬೇಸಾಯದಲ್ಲಿ ನೂರು ವರ್ಷಗಳ ಅನುಭವವಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮಸಾಗರ ನಿರ್ಮಾಣವಾದಾಗಲೂ ಇಂತಹ ಕುಟುಂಬಗಳು ನಿಜಾಮಾಬಾದ್ ಸುತ್ತಮುತ್ತ ನೆಲೆಸಿದ್ದವು. ತಮ್ಮೂರಿನ ಒಂದು ಎಕರೆ ಮಾರಿದ ಹಣದಲ್ಲಿ ಇಲ್ಲಿ ಹಲವು ಎಕರೆ ಕೊಳ್ಳಲು ಸಾಧ್ಯವಿದ್ದುದು ಅವರ ವಲಸೆಗೆ ಮುಖ್ಯ ಪ್ರೇರಣೆಯಾಗಿತ್ತು.

ಇವರು ಹಳೆಯ ಊರುಗಳ ಒಳಗೆ ಸೇರದೆ, ಕಾಲುವೆಗಳ ಬದಿಯಲ್ಲಿ ತಮ್ಮದೇ ನೆಲೆಗಳನ್ನು ಕಟ್ಟಿಕೊಂಡರು. ಇವುಗಳನ್ನು ‘ಕ್ಯಾಂಪ್’ ಎಂದು ಕರೆಯುತ್ತಾರೆ. ಗಂಗಾವತಿ, ಸಿಂಧನೂರು, ಕಂಪ್ಲಿ, ಸಿರುಗುಪ್ಪ ಭಾಗಗಳಲ್ಲಿ ಇಂತಹ ಅನೇಕ ಕ್ಯಾಂಪ್‌ಗಳಿವೆ. ಗಂಗಾವತಿಯ ಬಳಿಯ ಶ್ರೀರಾಮನಗರ ಇಂದು ಪಟ್ಟಣದ ಸ್ವರೂಪ ಪಡೆದಿದೆ.

### ಬಂಗಾಳಿ ನಿರಾಶ್ರಿತರು

ದೇಶ ವಿಭಜನೆಯ ನಂತರ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರನ್ನು ಪಶ್ಚಿಮ ಬಂಗಾಳದ ಹೊರಗೆ ನೆಲೆಗೊಳಿಸುವ ನೀತಿಯನ್ನು ಕೇಂದ್ರ ಸರ್ಕಾರ ಅನುಸರಿಸಿತು. 1958ರಲ್ಲಿ ಆರಂಭವಾದ ದಂಡಕಾರಣ್ಯ ಯೋಜನೆ ಇದರಲ್ಲಿ ದೊಡ್ಡದು. ಅದೇ ನೀತಿಯ ಮುಂದುವರಿಕೆಯಾಗಿ 1970ರ ಆಸುಪಾಸಿನಲ್ಲಿ ನೂರಾರು ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಮನೆ ಮತ್ತು ಜಮೀನು ನೀಡಲಾಯಿತು. ಈ ಪುನರ್ವಸತಿ ನೆಲೆಗಳು ‘ಆರ್.ಎಚ್. ಕ್ಯಾಂಪ್’ ಎಂದೇ ಪ್ರಸಿದ್ಧವಾಗಿದ್ದು, ಸಂಖ್ಯೆಗಳಿಂದ ಗುರುತಿಸಲ್ಪಡುತ್ತವೆ. ನಿವಾಸಿಗಳಲ್ಲಿ ಹೆಚ್ಚಿನವರು ನಾಮಶೂದ್ರ ಸಮುದಾಯಕ್ಕೆ ಸೇರಿದವರು.

### ಜಲಾಶಯ ಸಂತ್ರಸ್ತರು

ಹಿನ್ನೀರಿನಲ್ಲಿ ಹಲವಾರು ಹಳ್ಳಿಗಳು ಮುಳುಗಡೆಯಾದವು. ಹೊಸಪೇಟೆಯ ಸಮೀಪದ ನಾರಾಯಣದೇವರ ಕೆರೆ ಇವುಗಳಲ್ಲಿ ಒಂದು. ಅಲ್ಲಿನ ಅನೇಕ ಕುಟುಂಬಗಳು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದವು. ಇವರು ರಾಜ್ಯದ ಗಡಿ ದಾಟಿದವರಲ್ಲ. ಆದರೆ ಇವರ ಹೊಲಗಳನ್ನು ಮುಳುಗಿಸಿದ ನೀರು ಕೆಳಗಿನ ಹೊಲಗಳಿಗೆ ಹರಿಯಿತು.

### ಗಣಿ ಮತ್ತು ಉಕ್ಕಿನ ಉದ್ಯಮದ ಕಾರ್ಮಿಕರು

ಸಂಡೂರಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಾರಿಕೆಗೆ ದೀರ್ಘ ಇತಿಹಾಸವಿದೆ. ದೋಣಿಮಲೈನಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1970ರ ದಶಕದಲ್ಲಿ ಆರಂಭವಾಯಿತು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ 1990ರ ದಶಕದಲ್ಲಿ ತಲೆಯೆತ್ತಿತು. ಸ್ಥಳೀಯರ ಜೊತೆಗೆ ಬಿಹಾರ, ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶಗಳ ಕಾರ್ಮಿಕರು ಇಲ್ಲಿ ಗುತ್ತಿಗೆದಾರರ ಮೂಲಕ ದುಡಿಯುತ್ತಾರೆ.

## ಭೂಮಿ ಮತ್ತು ನೀರು

ಸಮುದಾಯಗಳ ನಡುವಿನ ಆರ್ಥಿಕ ಅಂತರಕ್ಕೆ ಮುಖ್ಯ ಕಾರಣ ಭೂಮಿ ಮತ್ತು ನೀರಿನ ಹಂಚಿಕೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೂಲ ಯೋಜನೆಯಲ್ಲಿ ಕಡಿಮೆ ನೀರನ್ನು ಹೆಚ್ಚು ಪ್ರದೇಶಕ್ಕೆ ಹಂಚುವ ಉದ್ದೇಶವಿತ್ತು. ಅಚ್ಚುಕಟ್ಟಿನ ಬಹುಪಾಲು ಜಮೀನನ್ನು ಜೋಳ, ಹತ್ತಿ, ಶೇಂಗಾದಂತಹ ಲಘು ನೀರಾವರಿ ಬೆಳೆಗಳಿಗೆ ಗೊತ್ತುಪಡಿಸಿ, ಭತ್ತ ಮತ್ತು ಕಬ್ಬಿಗೆ ಸೀಮಿತ ಪ್ರದೇಶವನ್ನು ಮಾತ್ರ ಬಿಡಲಾಗಿತ್ತು.

ಖುಷ್ಕಿ ಬೇಸಾಯಕ್ಕೆ ಒಗ್ಗಿದ್ದ ಸ್ಥಳೀಯ ರೈತರಿಗೆ ಎರೆಭೂಮಿಯನ್ನು ಸಮಮಾಡಿ ಗದ್ದೆಯಾಗಿಸಲು ಬೇಕಾದ ಬಂಡವಾಳ ಇರಲಿಲ್ಲ. ಅನೇಕರು ಜಮೀನಿನ ಒಂದು ಭಾಗವನ್ನು ಮಾರಿದರು ಅಥವಾ ಗುತ್ತಿಗೆಗೆ ಕೊಟ್ಟರು. ಕಾಲುವೆಯ ಮೇಲ್ಭಾಗದಲ್ಲಿ ಜಮೀನು ಕೊಂಡ ಆಂಧ್ರದ ರೈತರು ಭತ್ತ ಬೆಳೆದರು. ಕ್ರಮೇಣ ಸ್ಥಳೀಯರೂ ಅದನ್ನೇ ಅನುಸರಿಸಿದರು. ಗಂಗಾವತಿ ಮತ್ತು ಕಾರಟಗಿ ಸೋನಾ ಮಸೂರಿ ಅಕ್ಕಿಗೂ ಅಕ್ಕಿ ಗಿರಣಿಗಳಿಗೂ ಹೆಸರಾದವು. ಇದರ ಇನ್ನೊಂದು ಮುಖವೆಂದರೆ, ಮೇಲ್ಭಾಗದ ಗದ್ದೆಗಳು ಕುಡಿದು ಉಳಿದ ನೀರು ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ಹೊಲಗಳಿಗೆ ಸಾಲದಾಯಿತು. ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ಈ ಕಾಲುವೆಯ ನೀರು ಹಂಚಿಕೆಯನ್ನು ಕುರಿತು ವಿಸ್ತಾರವಾದ ಅಧ್ಯಯನ ನಡೆಸಿದ್ದು, ವಲಸಿಗರ ಆಗಮನ, ಭತ್ತದ ವಿಸ್ತರಣೆ ಮತ್ತು ಮೇಲ್ಭಾಗ–ಕೊನೆ ಭಾಗದ ಅಸಮಾನತೆಗಳ ಸಂಬಂಧವನ್ನು ಚರ್ಚಿಸಿದ್ದಾರೆ.

ಬಂಗಾಳಿ ಕುಟುಂಬಗಳಿಗೆ ಜಮೀನು ಆಯ್ಕೆಯಿಂದ ಬಂದುದಲ್ಲ, ಸರ್ಕಾರದ ಹಂಚಿಕೆಯಿಂದ ಬಂದುದು. ಮೊದಲ ತಲೆಮಾರಿಗೆ ಸಾಕಾಗಿದ್ದ ಹಿಡುವಳಿ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ತುಂಡಾಗಿ ಚಿಕ್ಕದಾಯಿತು. ಹೊಸ ಜಮೀನು ಕೊಳ್ಳಲು ಬೇಕಾದ ಉಳಿತಾಯವಾಗಲಿ, ಹಣ ಕಳುಹಿಸುವ ತವರೂರಾಗಲಿ ಅವರಿಗಿರಲಿಲ್ಲ. ಮೂರನೆಯ ತಲೆಮಾರಿನ ಅನೇಕರು ಕೂಲಿ ಮತ್ತು ಇತರ ಕೆಲಸಗಳಿಗಾಗಿ ನಗರಗಳಿಗೆ ಹೋಗುತ್ತಿದ್ದಾರೆ.

## ಗಣಿಗಾರಿಕೆಯ ಏರಿಳಿತ

2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು ಮತ್ತು ಹೊಸಪೇಟೆಯಲ್ಲಿ ಹಣದ ಹರಿವು ಹಠಾತ್ತನೆ ಹೆಚ್ಚಿತು. ಸಾಲ ಮಾಡಿ ಲಾರಿ ಕೊಂಡವರು, ಪಟ್ಟಾ ಭೂಮಿಯನ್ನು ಅದಿರಿಗಾಗಿ ಬಿಟ್ಟುಕೊಟ್ಟವರು, ಅದಿರು ಒಡೆಯುವ ಕೂಲಿಗೆ ಬಂದವರು ಎಲ್ಲರೂ ಈ ಏರಿಕೆಯನ್ನು ಅವಲಂಬಿಸಿದ್ದರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ವರದಿ ಸಲ್ಲಿಸಿದರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರಲ್ಲಿ ‘ಎ’ ಮತ್ತು ‘ಬಿ’ ವರ್ಗದ ಗಣಿಗಳಿಗೆ ಷರತ್ತಿನ ಅನುಮತಿ ದೊರೆತು, ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು.

ಸ್ಥಗಿತದ ಅವಧಿಯಲ್ಲಿ ಹೆಚ್ಚಿನ ಹೊರೆ ಬಿದ್ದದ್ದು ದಿನಗೂಲಿ ಕಾರ್ಮಿಕರು ಮತ್ತು ಸಾಲಗಾರ ಲಾರಿ ಮಾಲೀಕರ ಮೇಲೆ. ಹೊರರಾಜ್ಯದ ಕಾರ್ಮಿಕ ಕೆಲಸ ನಿಂತ ದಿನವೇ ಊರು ಬಿಡಬೇಕಾಗುತ್ತದೆ. ಜಮೀನು, ಸ್ವಂತ ಮನೆ, ಸ್ಥಳೀಯ ಮತದಾನದ ಹಕ್ಕು ಇಲ್ಲದ ಆತನಿಗೆ ಇಲ್ಲಿ ಕಾಯುವ ಆಧಾರವಿರುವುದಿಲ್ಲ. 2020ರ ಲಾಕ್‌ಡೌನ್ ಈ ಸಂಗತಿಯನ್ನು ದೇಶದಾದ್ಯಂತ ಎತ್ತಿ ತೋರಿಸಿತು. ಅಂತರರಾಜ್ಯ ವಲಸೆ ಕಾರ್ಮಿಕರ ರಕ್ಷಣೆಗಾಗಿ 1979ರಲ್ಲಿಯೇ ಕಾಯಿದೆ ಬಂದಿತ್ತಾದರೂ, ಗುತ್ತಿಗೆಯ ಸರಪಣಿಯಲ್ಲಿ ಅದರ ಜಾರಿ ದುರ್ಬಲವಾಗಿಯೇ ಉಳಿದಿತ್ತು.

## ಭಾಷೆ, ಜಾತಿ ಮತ್ತು ಪೌರತ್ವ

ಬಳ್ಳಾರಿ ಸೀಮೆ ಮೊದಲಿನಿಂದಲೂ ಕನ್ನಡ–ತೆಲುಗು ದ್ವಿಭಾಷಾ ಪ್ರದೇಶ. ಆದ್ದರಿಂದ ಆಂಧ್ರದ ಕೃಷಿಕರಿಗೆ ಸಂತೆ, ಕಚೇರಿ, ಬ್ಯಾಂಕುಗಳಲ್ಲಿ ಭಾಷೆ ದೊಡ್ಡ ಅಡ್ಡಿಯಾಗಲಿಲ್ಲ. ಬಂಗಾಳಿ ನಿರಾಶ್ರಿತರು ಹೊಸ ಭಾಷೆಯನ್ನು ಮೊದಲಿನಿಂದ ಕಲಿಯಬೇಕಾಯಿತು. ಇಂದು ಆರ್.ಎಚ್. ಕ್ಯಾಂಪ್‌ಗಳ ಯುವಜನರು ಶಾಲೆಯಲ್ಲಿ ಕನ್ನಡ ಕಲಿತು ಮನೆಯಲ್ಲಿ ಬಂಗಾಳಿ ಮಾತನಾಡುತ್ತಾರೆ. ದುರ್ಗಾಪೂಜೆಯನ್ನು ಸಂಪ್ರದಾಯದಂತೆ ಆಚರಿಸುತ್ತಾರೆ.

ಜಾತಿಯ ಮಾನ್ಯತೆ ಗಡಿ ದಾಟುವುದಿಲ್ಲ ಎಂಬುದು ಗಮನಾರ್ಹ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯವಾರು ಬೇರೆಯಾಗಿದ್ದು, ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ್ದಾರೆ. ಕರ್ನಾಟಕದಲ್ಲಿ ಅದೇ ಮಾನ್ಯತೆ ಬೇಕೆಂಬುದು ಸಿಂಧನೂರಿನ ಬಂಗಾಳಿಗರ ಬಹುಕಾಲದ ಬೇಡಿಕೆ. ಸಂಡೂರು ಭಾಗದ ಲಂಬಾಣಿಗರ ಉದಾಹರಣೆಯೂ ಇದನ್ನೇ ಹೇಳುತ್ತದೆ. ಅವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ.

ಪೌರತ್ವದ ಪ್ರಶ್ನೆ ಬಂಗಾಳಿಗರಿಗೆ ಮಾತ್ರ ಎದುರಾಯಿತು. ಸರ್ಕಾರವೇ ಕರೆತಂದು ನೆಲೆಗೊಳಿಸಿದ್ದರೂ ಅನೇಕರ ಬಳಿ ಪೌರತ್ವದ ಪ್ರಮಾಣಪತ್ರ ಇರಲಿಲ್ಲ. ಪೌರತ್ವ ತಿದ್ದುಪಡಿ ಕಾಯಿದೆ 2019ರ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಬಳಿಕ, ಅದೇ ವರ್ಷ ಸಿಂಧನೂರಿನ ಕೆಲವರಿಗೆ ಈ ಕಾಯಿದೆಯಡಿ ಪೌರತ್ವ ದೊರೆಯಿತು. ನೆಲೆಸಿ ಐದು ದಶಕ ಕಳೆದ ಮೇಲೆ ಬಂದ ಈ ಕಾಗದ, ಉದ್ಯೋಗ, ಶಿಕ್ಷಣ ಮತ್ತು ಸರ್ಕಾರಿ ಸೌಲಭ್ಯಗಳಲ್ಲಿ ಅದರ ಅಭಾವ ಎಷ್ಟು ಕಾಲ ಕಾಡಿತ್ತೆಂಬುದನ್ನೂ ಸೂಚಿಸುತ್ತದೆ.

## ಹೋಲಿಕೆ

| ಸಮುದಾಯ | ಬಂದ ರೀತಿ | ಜೊತೆಗೆ ತಂದುದು | ಮುಖ್ಯ ತೊಡಕು |
|---|---|---|---|
| ಆಂಧ್ರದ ಕೃಷಿಕರು | ಸ್ವಂತ ಆಯ್ಕೆ | ಬಂಡವಾಳ, ಭತ್ತದ ಬೇಸಾಯದ ಅನುಭವ, ಬಂಧುಬಳಗ | ನೀರಿನ ಅನಿಶ್ಚಿತತೆ |
| ಬಂಗಾಳಿ ನಿರಾಶ್ರಿತರು | ಸರ್ಕಾರದ ಪುನರ್ವಸತಿ | ಶ್ರಮ | ಪೌರತ್ವ, ಜಾತಿ ಮಾನ್ಯತೆ, ಕುಗ್ಗಿದ ಹಿಡುವಳಿ |
| ಜಲಾಶಯ ಸಂತ್ರಸ್ತರು | ಮುಳುಗಡೆ | ಸ್ಥಳೀಯ ಭಾಷೆ ಮತ್ತು ನಂಟು | ಭೂಮಿಯ ನಷ್ಟ |
| ಗಣಿ, ಉಕ್ಕಿನ ಕಾರ್ಮಿಕರು | ಗುತ್ತಿಗೆದಾರರ ಮೂಲಕ | ಶ್ರಮ, ಕೆಲವರಲ್ಲಿ ಕೌಶಲ | ಅಭದ್ರ ಉದ್ಯೋಗ |

ಆಂಧ್ರದ ಕೃಷಿಕರ ಏಳಿಗೆಯನ್ನು ಅವರ ಶ್ರಮಶೀಲತೆಯಿಂದ ಮಾತ್ರ ವಿವರಿಸುವುದು ರೂಢಿಯಲ್ಲಿದೆ. ಈ ವಿವರಣೆ ಅಪೂರ್ಣ. ಶ್ರಮ ಬಂಗಾಳಿ ನಿರಾಶ್ರಿತರಲ್ಲಿಯೂ ಗಣಿ ಕಾರ್ಮಿಕರಲ್ಲಿಯೂ ಇತ್ತು. ಬಂಡವಾಳ, ಪ್ರಶ್ನಾತೀತ ಪೌರತ್ವ, ಕಾಲುವೆಯ ಮೇಲ್ಭಾಗದ ಜಮೀನನ್ನು ಆರಿಸಿಕೊಳ್ಳುವ ಅವಕಾಶ, ಇವು ಮೊದಲನೆಯವರಿಗೆ ಮಾತ್ರ ಒಟ್ಟಿಗೆ ದೊರೆತವು.

ಇಂತಹ ಭೇದ ಬೇರೆಡೆಯೂ ಕಂಡುಬರುತ್ತದೆ. ಅಮೆರಿಕದಲ್ಲಿ 1965ರ ವಲಸೆ ಕಾಯಿದೆಯ ನಂತರ ಭಾರತವೂ ಸೇರಿ ಏಷ್ಯಾದ ದೇಶಗಳಿಂದ ಹೋದವರಲ್ಲಿ ವೈದ್ಯರು, ಎಂಜಿನಿಯರುಗಳು ಹೆಚ್ಚಿದ್ದರು. 2003ರ ಯುದ್ಧದ ನಂತರ ಹೋದ ಇರಾಕಿಗಳಲ್ಲಿ ಅನೇಕರು ವಿದ್ಯಾವಂತರಾಗಿದ್ದರೂ ನಿರಾಶ್ರಿತರಾಗಿ ಎಲ್ಲವನ್ನೂ ಬಿಟ್ಟು ಹೋದವರು. ಕರ್ನಾಟಕದಲ್ಲಿಯೇ 1960ರ ದಶಕದಿಂದ ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟನ್ನರು ನಿರಾಶ್ರಿತರಾಗಿದ್ದರೂ ತಮ್ಮದೇ ಶಾಲೆ, ಸಹಕಾರ ಸಂಘ, ಮಠಗಳ ಮತ್ತು ಅಂತರರಾಷ್ಟ್ರೀಯ ನೆರವಿನ ಬಲದಿಂದ ಬೇರೆ ದಾರಿ ಕಂಡುಕೊಂಡರು. ಆದ್ದರಿಂದ ‘ನಿರಾಶ್ರಿತ’ ಎಂಬ ಒಂದೇ ಪದ ಒಂದೇ ಬಗೆಯ ಫಲಿತಾಂಶವನ್ನು ಸೂಚಿಸುವುದಿಲ್ಲ.

## ಹೋಲಿಕೆಯ ಮಿತಿಗಳು

ಜನಗಣತಿಯಲ್ಲಿ ತೆಲುಗನ್ನು ಮಾತೃಭಾಷೆಯೆಂದು ಬರೆಸಿದವರೆಲ್ಲರೂ ವಲಸಿಗರಲ್ಲ. ತಲೆತಲಾಂತರದಿಂದ ಇಲ್ಲಿಯೇ ಇರುವ ತೆಲುಗು ಮನೆಮಾತಿನವರೂ ಅವರಲ್ಲಿದ್ದಾರೆ. ಹಾಗೆಯೇ ಪ್ರತಿ ಸಮುದಾಯದೊಳಗೂ ಅಂತರಗಳಿವೆ. ಕ್ಯಾಂಪ್‌ಗಳಲ್ಲಿ ಗಿರಣಿ ಮಾಲೀಕರ ಜೊತೆಗೆ ಭೂಹೀನ ಕೂಲಿಗಳೂ ವಾಸಿಸುತ್ತಾರೆ. ನಾಟಿ ಮತ್ತು ಕಳೆ ಕೆಲಸದ ಬಹುಪಾಲನ್ನು ಮಹಿಳೆಯರು ನಿರ್ವಹಿಸುತ್ತಾರೆ, ಆದರೆ ಪಹಣಿಯಲ್ಲಿ ಅವರ ಹೆಸರು ಕಾಣುವುದು ಕಡಿಮೆ.

## ಇತ್ತೀಚಿನ ಬೆಳವಣಿಗೆಗಳು

ಹೂಳಿನಿಂದಾಗಿ ಜಲಾಶಯದ ಸಾಮರ್ಥ್ಯ ಆರಂಭದ ಸುಮಾರು 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಕುಸಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಗಿ ಅಪಾರ ನೀರು ನದಿಗೆ ಹರಿಯಿತು. ಕೆಲವು ದಿನಗಳ ಬಳಿಕ ತಾತ್ಕಾಲಿಕ ಗೇಟ್ ಅಳವಡಿಸಲಾಯಿತು. ನೀರು ಕಡಿಮೆಯಾದಂತೆ ಎರಡನೆಯ ಬೆಳೆಯ ಭರವಸೆ ಕುಗ್ಗುತ್ತದೆ. ಅದರ ಪೆಟ್ಟು ಮೊದಲು ಕೊನೆ ಭಾಗದ ರೈತರಿಗೆ, ಬಳಿಕ ಚಿಕ್ಕ ಹಿಡುವಳಿಯವರಿಗೆ ಮತ್ತು ನಾಟಿ ಕೂಲಿಯನ್ನು ನಂಬಿದವರಿಗೆ ತಟ್ಟುತ್ತದೆ. ಸಮುದಾಯಗಳ ನಡುವಿನ ಹಳೆಯ ಅಂತರ ಹಿಗ್ಗುವುದೋ ಕುಗ್ಗುವುದೋ ಎಂಬುದು ಉಳಿದ ನೀರನ್ನು ಹೇಗೆ ಹಂಚಲಾಗುವುದು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

## ಇವನ್ನೂ ನೋಡಿ

* ತುಂಗಭದ್ರಾ ಅಣೆಕಟ್ಟು
* ವಿಜಯನಗರ ಜಿಲ್ಲೆ
* ಸಂಡೂರು
* ಕಂಪ್ಲಿ
* ಸಿಂಧನೂರು
* ಬೈಲಕುಪ್ಪೆ